ಎರಡು ಬೆನ್ನಿನ ಚಿಪ್ಪು

ಬೆನ್ನಿಗೆ ಕಟ್ಟುವ ಪಟ್ಟಿಗೇ ಬುದ್ಧಿ ಬಂದರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಅವರಿಗೆ ಪ್ರಶಸ್ತಿ ಬಂತು, ನನಗೆ ನೌಕರಿ ಬಂತು, ಮಕ್ಕಳಿಗೆ ಚಿಪ್ಪು ಬಂತು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದದ ಹೆಸರಿದೆ. ಮಕ್ಕಳು ಚಿಪ್ಪು ಎಂದರು, ನಾವೂ ಹಾಗೇ ಕರೆದೆವು.

ಕೆಲವು ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಬೆನ್ನುಮೂಳೆ ನೆಟ್ಟಗೆ ಬೆಳೆಯದೆ ಪಕ್ಕಕ್ಕೆ ವಾಲುತ್ತದೆ. ಯಾಕೆ ಎಂದು ಕೇಳಿದರೆ ದೊಡ್ಡ ದೊಡ್ಡ ಡಾಕ್ಟರುಗಳೂ ಕೆಮ್ಮುತ್ತಾರೆ. ಬೆಳೆಯುವ ಮೂಳೆಯ ಗುಣ ಇಷ್ಟೇ: ಭಾರ ಬಿದ್ದ ಕಡೆ ಬೆಳವಣಿಗೆ ನಿಧಾನ, ಬಿಡುವು ಸಿಕ್ಕ ಕಡೆ ಜೋರು. ಹಾಗಾಗಿ ಒಮ್ಮೆ ಬಾಗಿದ ಬೆನ್ನು ತನ್ನಷ್ಟಕ್ಕೆ ತಾನೇ ಇನ್ನಷ್ಟು ಬಾಗುತ್ತದೆ. ಉಬ್ಬಿದ ಕಡೆಯಿಂದ ಒತ್ತಿ ಹಿಡಿದು, ಬೆಳವಣಿಗೆ ಮುಗಿಯುವ ತನಕ ಕಾಯ್ದರೆ ಬಾಗು ಅಲ್ಲಿಗೇ ನಿಲ್ಲಬಹುದು. ಹಳೆಯ ಪಟ್ಟಿಗಳೂ ಇದನ್ನೇ ಮಾಡುತ್ತಿದ್ದವು. ನಮ್ಮ ಚಿಪ್ಪು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಒಳಗೆ ಗಾಳಿಯ ದಿಂಬುಗಳಿವೆ. ಕಿವಿಗೆ ಕೇಳಿಸದ ಸದ್ದು ಕಳಿಸಿ ಅದು ಬೆನ್ನಿನ ಆಕಾರ ನೋಡಿಕೊಳ್ಳುತ್ತದೆ, ಎಲ್ಲಿ ಎಷ್ಟು ಒತ್ತಬೇಕೆಂದು ತಾನೇ ಕಲಿಯುತ್ತದೆ, ಒತ್ತುತ್ತದೆ, ಹುಬ್ಬಳ್ಳಿಯ ನಮ್ಮ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಸಾವಿರಾರು ಮಕ್ಕಳ ಬೆನ್ನುಗಳು ಹಸಿರು ಗೆರೆಗಳಾಗಿ ಉಸಿರಾಡುತ್ತಿರುತ್ತವೆ. ಅವನ್ನು ಕಾಯುವವಳು ನಾನು, ಜಯಶೀಲಾ ಹೂಗಾರ.

ಚಿಪ್ಪು ಕಡಿಮೆ, ಮಕ್ಕಳು ಹೆಚ್ಚು. ಅದಕ್ಕೇ ಎರಡು ನಿಯಮ. ದಿನಕ್ಕೆ ಹದಿನೆಂಟು ತಾಸು ಧರಿಸದಿದ್ದರೆ ಚಿಪ್ಪು ಸಾಲಿನಲ್ಲಿರುವ ಮುಂದಿನ ಮಗುವಿಗೆ. ಬಾಗು ನಲವತ್ತೈದು ಡಿಗ್ರಿ ದಾಟಿದರೆ ಒತ್ತಿ ಪ್ರಯೋಜನವಿಲ್ಲವೆಂದು ಆಗಲೂ ಚಿಪ್ಪು ವಾಪಸ್ಸು, ಮಗು ಆಪರೇಷನ್ನಿನ ಸಾಲಿಗೆ. ಬೆನ್ನು ಸೀಳಿ ಸರಳು ಕೂಡಿಸುವ ಆ ಸಾಲು ಎರಡು ವರ್ಷ ಉದ್ದವಿದೆ. ಅಷ್ಟರಲ್ಲಿ ಬೆನ್ನು ಎಲ್ಲಿಗೆ ಹೋಗಿರುತ್ತದೋ ದೇವರೇ ಬಲ್ಲ.

ಮೋಸ ಮಾಡಲು ನೋಡಿದವರಿದ್ದಾರೆ. ಚಿಪ್ಪು ಬಿಸಿ, ಉಸಿರು, ಎದೆಬಡಿತ ಮೂರನ್ನೂ ನೋಡುತ್ತದೆ ಎಂದು ತಿಳಿದ ಒಬ್ಬ ಪುಣ್ಯಾತ್ಮ ಅದನ್ನು ತನ್ನ ಮನೆಯ ಕರುವಿಗೆ ಕಟ್ಟಿದ್ದ. ನಾವು ಒಂದು ವಾರ ನಕ್ಕೆವು. ಆ ನಗು ನನಗೆ ಈ ಏಪ್ರಿಲ್‌ನಲ್ಲಿ ತಿರುಗಿ ಹೊಡೆಯಿತು.

ಬಾಗಲಕೋಟೆಯ ದಾನೇಶ್ವರಿಗೆ ಹದಿಮೂರು ವರ್ಷ. ಮೂವತ್ತಮೂರು ಡಿಗ್ರಿಗೆ ಚಿಪ್ಪು ಹಾಕಿದ್ದೆವು. ಬೇಸಿಗೆ ಶುರುವಾದಾಗ ಅವಳ ತಾಸುಗಳು ಕುಸಿದವು. ಆ ಊರಿನ ಬಿಸಿಲಿನಲ್ಲಿ ಬರೀ ಮೈಯೇ ಭಾರ, ಅದರ ಮೇಲೆ ಪ್ಲಾಸ್ಟಿಕ್ಕಿನ ಗೂಡು ಬೇರೆ. ಎಚ್ಚರಿಕೆಯ ಸಂದೇಶ ಹೋಯಿತು. ಮರುದಿನದಿಂದಲೇ ತಾಸುಗಳು ಹೂವಿನ ಹಾಗೆ ಅರಳಿದವು. ಆದರೆ ಬೆನ್ನು ಮಾತ್ರ ವಾರ ವಾರಕ್ಕೂ ವಾಲುತ್ತ ಹೋಯಿತು, ಒಂದು ದಿನ ಪರದೆಯ ಮೇಲೆ ಕೆಂಪಗೆ ಐವತ್ತೆಂಟು ಎಂದು ಬಂತು.

ಡಾಕ್ಟರ್ ಇನಾಮದಾರ ನಮ್ಮ ಮುಖ್ಯಸ್ಥರು. ತಮ್ಮ ಮದುವೆಯ ದಿನವನ್ನೂ ಯಂತ್ರಕ್ಕೆ ಕೇಳಿ ಹೇಳುವ ಮನುಷ್ಯ. ಕನ್ನಡಕ ಏರಿಸಿ ನೋಡಿದರು.

"ಹೋತಲ್ರೀ ಇದು. ಚಿಪ್ಪು ವಾಪಸ್ ತರಸ್ರಿ. ಆಪರೇಷನ್ ಸಾಲಿಗೆ ಹಚ್ರಿ."

"ಸರ್, ಎರಡ ತಿಂಗಳದಾಗ ಇಪ್ಪತ್ತೈದು ಡಿಗ್ರಿ ಬಾಗಾಕ ಅದೇನು ಬೆನ್ನೋ, ಗೊನಿ ಬಿಟ್ಟ ಬಾಳಿಗಿಡನೋ?"

"ಯಂತ್ರ ಹೇಳಾಕತ್ತೈತಿ, ನೀವು ಇಲ್ಲ ಅಂತೀರಿ."

ನಾನು ಇಲ್ಲ ಎನ್ನಲಿಲ್ಲ. ಕೂತು ಆ ಹುಡುಗಿಯ ಗೆರೆಗಳನ್ನು ಒಂದೊಂದೇ ದಿನ ಹಿಂದಕ್ಕೆ ಸರಿಸಿ ನೋಡಿದೆ. ದಿನಾ ಮುಂಜಾನೆ ಒಂದು ನಡುಕ. ಯಂತ್ರ ಅದರ ಕೆಳಗೆ 'ಗುರುತಿಸಲಾಗದ ಕಂಪನ' ಎಂದು ಬರೆದು ಕೈ ತೊಳೆದುಕೊಂಡಿತ್ತು. ನೋಡುತ್ತ ನೋಡುತ್ತ ನನ್ನ ಬಲಗೈ ತಾನಾಗಿಯೇ ಮೇಜು ಬಡಿಯತೊಡಗಿತು. ತಪ ತಪ ತಪ, ಒಂದು ತಿರುವು, ಮತ್ತೆ ತಪ ತಪ ತಪ, ಆಮೇಲೆ ಒಂದು ಬಿಡುವು. ಆ ಬಿಡುವಿನಲ್ಲಿ ಹಂಚಿಗೆ ಹಾಕಬೇಕು, ನೀರು ಸವರಬೇಕು. ನಮ್ಮವ್ವ ನಾನು ಮಲಗಿದ್ದಾಗ ದಿನಾ ಹೀಗೆಯೇ ಬಡಿದು ನನ್ನನ್ನು ಎಬ್ಬಿಸಿದ್ದಾಳೆ.

ರೊಟ್ಟಿ! ಬೇಸಿಗೆಯಲ್ಲಿ ಅಲ್ಲಿ ಮುಂಜಾನೆಯ ಶಾಲೆ. ಶಾಲೆಯ ಹೊತ್ತಿಗೆ ಏಳನೆಯ ಇಯತ್ತೆಯ ಹುಡುಗಿ ತಾಸುಗಟ್ಟಲೆ ರೊಟ್ಟಿ ಹೇಗೆ ಬಡಿದಾಳು? ಚಿಪ್ಪು ತರುವ ನೆವದಲ್ಲಿ ಮರುದಿನ ನಾನೇ ಮೊದಲ ಬಸ್ಸು ಹಿಡಿದೆ.

ಬಾಗಲಕೋಟೆಯ ನವನಗರದ ಒಂದು ಸಣ್ಣ ಮನೆ. ಬಾಗಿಲ ಪಕ್ಕ 'ಬಿಸಿ ರೊಟ್ಟಿ ಸಿಗುತ್ತವೆ' ಎಂಬ ಹಲಗೆ. ಹೊರಗಿನಿಂದಲೇ ಸದ್ದು ಕೇಳಿತು. ನನಗೆ ಪರದೆಯ ಮೇಲೆ ಪರಿಚಯವಾಗಿದ್ದ ಅದೇ ತಾಳ.

ಬಾಗಿಲು ತೆರೆದವಳು ಹುಡುಗಿಯ ತಾಯಿ ಮಹಾದೇವಿ. ಕೊರಳಲ್ಲಿದ್ದ ನನ್ನ ಗುರುತಿನ ಚೀಟಿ ನೋಡಿದ್ದೇ ಮುಖ ಸುಣ್ಣವಾಯಿತು. "ಅಕ್ಕಾರ, ಕೂಸು ಸಾಲಿಗೆ ಹೋಗೈತ್ರಿ, ಸಂಜಿಕ ಬರ್ರಿ" ಎಂದು ಬಾಗಿಲಿಗೆ ಅಡ್ಡ ನಿಂತಳು. ಅವಳ ಭುಜದ ಮೇಲಿಂದ ನನಗೆ ಒಲೆ ಕಾಣುತ್ತಿತ್ತು.

ಒಲೆಯ ಮುಂದೆ ಐವತ್ತರ ಹತ್ತಿರದ, ಹುಡುಗಿಯಷ್ಟೇ ಸಣ್ಣ ಮೈಯ ಒಬ್ಬ ಹೆಂಗಸು. ಕುಬಸದ ಮೇಲೆ ಚಿಪ್ಪು, ಚಿಪ್ಪಿನ ಮೇಲೆ ಸೆರಗು. ನೆಟ್ಟಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ತಡೀರಿ, ಹಂಚಿನ ಮ್ಯಾಲಿಂದು ಸುಡತೈತಿ. ಜೇಲಿಗೆ ಒಯ್ಯೂದಾದ್ರೂ ಇದೊಂದು ತಗದು ಬರತೀನಿ."

ಅವಳು ಹುಡುಗಿಯ ಸೋದರತ್ತೆ ನೀಲವ್ವ. ಅಣ್ಣ ಪುಣೆ ಮಾರ್ಗದ ಬಸ್ಸಿನ ಚಾಲಕ, ಮನೆಯಲ್ಲಿರುವುದು ಅಪರೂಪ. ಮದುವೆಯಾಗದ ನೀಲವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಈ ಮನೆಗೆ ಒಂದು ಕಂಬವಾಗಿದ್ದಳು. ಅವಳು ಚಿಪ್ಪಿನ ಬೆಲ್ಟು ಬಿಚ್ಚಿದಳು. ಅಷ್ಟು ಹೊತ್ತು ನೆಟ್ಟಗಿದ್ದ ಹೆಂಗಸು ಒಮ್ಮೆಲೇ ಬಲಕ್ಕೆ ಕುಸಿದಳು. ಒಂದು ಭುಜ ಏರಿತು, ಬೆನ್ನಿನ ಒಂದು ಪಕ್ಕದ ಎಲುಬುಗಳು ಹೊರಗೆ ದೂಡಿಕೊಂಡು ಬಂದವು. ದಾನೇಶ್ವರಿಯ ಬೆನ್ನು ವಾಲುವುದೂ ಅದೇ ಕಡೆಗೆ. ಈ ರೋಗ ಎಷ್ಟೋ ಸಲ ರಕ್ತದಲ್ಲಿ ಇಳಿದು ಬರುತ್ತದೆ.

"ನೋಡ್ಕೋರಿ. ನಮ್ಮ ಕಾಲದಾಗ ಇದಕ್ಕ ಒಂದ ಔಷಧ ಇತ್ರಿ, ಗೂನಿ ಅಂತ ಹೆಸರಿಡೂದು. ಮೂರು ಗಂಡು ಬಂದು ನೋಡಿ ಅವಲಕ್ಕಿ ತಿಂದು ಹೋದ್ರು. ನನ್ನ ಸೊಸಿಗೆ ಆ ಹೆಸರು ಬ್ಯಾಡಂತ ಹಾಕ್ಕೊಂಡೆ."

ಅಣ್ಣನ ಮಗಳನ್ನು ಸೊಸೆ ಎನ್ನುವುದು ಆ ಕಡೆಯ ಮಾತು.

"ದಾನಿ ಸಾಲ್ಯಾಗ ಎಚ್ಚರ ತಪ್ಪಿ ಬಿದ್ದಿತ್ರಿ," ಎಂದು ಮಹಾದೇವಿ ಅಳತೊಡಗಿದಳು. "ಮೈಯೆಲ್ಲಾ ಗುಳ್ಳಿ. ಹುಡುಗೂರು ಆಮಿ ಆಮಿ ಅಂತ ಕಾಡತಿದ್ರು. ಅಷ್ಟರಾಗ ನಿಮ್ಮ ಮೆಸೇಜು ಬಂತು, ತಾಸು ಕಡಿಮಿ ಆದ್ರ ಒಯ್ತೀವಿ ಅಂತ. ನೀಲಕ್ಕ ಅಂದ್ಲು, ಅದಕ್ಕ ಬಿಸಿ ಮೈ ಬೇಕಷ್ಟ ಅಲ್ಲೇನು, ನನ್ನ ಮೈ ಐತಲ್ಲ ಅಂತ."

ನನಗೆ ಬಂದ ಸಿಟ್ಟಿಗೆ ಹಲ್ಲು ಕಡಿದೆ. "ನೀಲವ್ವಾ, ಅದು ಬರೇ ತಾಸು ಎಣಸೂದಿಲ್ಲವಾ. ಬೆನ್ನು ನೋಡತೈತಿ, ಕಲೀತೈತಿ. ಮುಂಜಾನಿ ನಿಮ್ಮ ಬೆನ್ನು ನೋಡತೈತಿ, ರಾತ್ರಿ ಅಕಿದು. ಎರಡೂ ಒಂದ ಮನಷ್ಯಾಂದು ಅಂತ ತಿಳದು ಕೂಡಿಸಿ ಲೆಕ್ಕಾ ಹಾಕಿ, ಈ ಹುಡುಗಿ ಬೆನ್ನು ಕೆಟ್ಟು ಹೋತು ಅಂತ ರಾತ್ರಿ ಇನ್ನೂ ಜೋರ ಒತ್ತೈತಿ. ನಿಮ್ಮ ಗೂನಿಗೆ ಹಾಕೂ ಜೋರು ಆ ಎಳೀ ಮೈಮ್ಯಾಲ ಬಿದ್ದೈತಿ."

ಇಷ್ಟು ಹೊತ್ತು ಮಾತಿಗೆ ಮಾತು ಕೊಡುತ್ತಿದ್ದ ನೀಲವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು.

ಮಧ್ಯಾಹ್ನ ದಾನಿ ಶಾಲೆಯಿಂದ ಬಂದಳು. ಉದ್ದ ಕೈಕಾಲಿನ, ದೊಡ್ಡ ಕಣ್ಣಿನ ಹುಡುಗಿ. ಒಳಕೋಣೆಯಲ್ಲಿ ಅವಳ ಅಂಗಿ ಎತ್ತಿಸಿ ನೋಡಿದೆ. ಪಕ್ಕೆಲುಬಿನ ಉದ್ದಕ್ಕೂ ನೇರಳೆ ಹಣ್ಣು ಜಜ್ಜಿದಂಥ ಕಲೆಗಳು. ಅದನ್ನು ತಾಯಿಯೂ ನೋಡಿರಲಿಲ್ಲ. ಮೈಗೆ ನೀರು ಹಾಕಿಕೊಳ್ಳುವಾಗ ಹುಡುಗಿ ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲವಂತೆ.

"ರಾತ್ರಿ ಇಷ್ಟು ಒತ್ತತಿತ್ತಲ್ಲ, ಯಾಕ ಹೇಳಲಿಲ್ಲ ದಾನಿ?"

ಹುಡುಗಿ ಅಂಗಿ ಕೆಳಗೆಳೆದುಕೊಂಡಳು.

"ಹೆದರಬ್ಯಾಡ. ನಾ ಬೈಯೂದಿಲ್ಲ."

"ಹೇಳಿದ್ರ ನೀವು ನೋಡಾಕ ಬರತಿದ್ರಿ," ಎಂದಳು ನೆಲ ನೋಡುತ್ತ. "ಆಮ್ಯಾಲ ಅತ್ತಿಗೆ ಚಿಪ್ಪು ಸಿಗತಿರಲಿಲ್ಲ."

"ಅತ್ತಿಗ್ಯಾಕ ಚಿಪ್ಪು? ಅಕಿ ಹಾಕ್ಕೊಂಡಿದ್ದು ನಿನ್ನ ಸಲುವಾಗಿ."

"ಮೊದಲ ಹಂಗ ಇತ್ರಿ. ಅತ್ತಿ ರೊಟ್ಟಿ ಬಡಿಯೂ ಮುಂದ ದಿನಾ ಯಪ್ಪಾ ಯವ್ವಾ ಅಂತ ನರಳತಿದ್ಲು. ಚಿಪ್ಪು ಹಾಕ್ಕೊಂಡ ಮ್ಯಾಲ ನರಳೂದು ಬಿಟ್ಲು. ಒಂದಿನ ಹಾಡು ಹಾಡಿದ್ಲು. ನಾ ಹುಟ್ಟಿದಾಗಿಂದ ಅಕಿ ಹಾಡಿದ್ದು ಕೇಳಿರಲಿಲ್ರಿ. ಅದಕ್ಕ ನನಗ ಭಾಳ ಸೆಕಿ ಆಗತೈತಿ, ನೀನ ಹಾಕ್ಕೋ ಅಂತ ಇನ್ನೊಂದು ತಾಸು ಜಾಸ್ತಿ ಕೊಟ್ಟೆ. ಆಮ್ಯಾಲ ಇನ್ನೊಂದು."

ಬಾಗಿಲ ಹೊರಗೆ ಹಿಟ್ಟು ನಾದುವ ಪರಾತ ಬಿದ್ದ ಸದ್ದಾಯಿತು. ನೀಲವ್ವ ಅಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಒಳಗೆ ಬರಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಅಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನೂ ಅತ್ತೆ. ನನ್ನ ನೌಕರಿಯಲ್ಲಿ ಅಳಬಾರದೆಂಬ ನಿಯಮ ಇನ್ನೂ ಬಂದಿಲ್ಲ.

ಹುಡುಗಿಯನ್ನು ಬರಿ ಬೆನ್ನಿನಲ್ಲಿ ನಿಲ್ಲಿಸಿ ಕೈಯಲ್ಲಿ ಹಿಡಿಯುವ ಅಳತೆಯ ಯಂತ್ರದಿಂದ ನೋಡಿದೆ. ಮೂವತ್ತೊಂಬತ್ತು. ಐವತ್ತೆಂಟಲ್ಲ, ಆದರೆ ಮೂವತ್ತಮೂರೂ ಅಲ್ಲ. ಅತ್ತೆಗೆ ಬಿಟ್ಟುಕೊಟ್ಟ ಒಂದೊಂದು ತಾಸೂ ಅವಳ ಮೂಳೆಯೊಳಗೆ ಹೋಗಿ ಕೂತಿತ್ತು.

ಸಂಜೆ ಹುಬ್ಬಳ್ಳಿಗೆ ಬಂದವಳೇ ಇನಾಮದಾರರ ಮೇಜಿನ ಮುಂದೆ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳದೆ ಗತಿಯಿರಲಿಲ್ಲ: ಐವತ್ತೆಂಟು ಅವಳದಲ್ಲ ಎಂದು ಸಾಬೀತಾಗದಿದ್ದರೆ ಅವಳು ಸರಳಿನ ಸಾಲಿಗೆ ಹೋಗುತ್ತಿದ್ದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ತಿಕ್ಕಿಕೊಂಡರು. ಕೆಟ್ಟ ಮನುಷ್ಯನಲ್ಲ ಆತ. ಅದೇ ಕಷ್ಟ, ಕೆಟ್ಟವರಾದರೆ ಬೈದು ಹಗುರಾಗಬಹುದು.

"ಆಪರೇಷನ್ ಸಾಲಿನಿಂದ ಹೆಸರು ತಗೀತೀನಿ. ಆದ್ರ ತಾಸು ಸುಳ್ಳು ತೋರಿಸ್ಯಾರ, ಹೌದೋ ಅಲ್ಲೋ? ಮೂರು ತಿಂಗಳು ಚಿಪ್ಪು ಇಲ್ಲ. ಕರುವಿನ ಪ್ರಕರಣದಾಗೂ ಅದನ್ನ ಮಾಡೇವಿ."

"ಸರ್, ಇದು ಅಕಿ ಬೆಳಿಯೂ ಹೊತ್ತು. ಮೂರು ತಿಂಗಳಂದ್ರ ಅಕಿ ಜೀವನಾನ ಹೋಗತೈತಿ. ಕರು ಕಟ್ಟಿದಾಂವ ಬ್ಯಾರೆ, ಇವರು ಬ್ಯಾರೆ."

"ಯಂತ್ರಕ್ಕ ಆ ಫರಕು ತಿಳಿಯೂದಿಲ್ರೀ ಜಯಶೀಲಾ. ಸಾಲಿನಾಗ ನಿಂತ ಮುಂದಿನ ಕೂಸಿನ ಅವ್ವಗ ನಾ ಏನು ಹೇಳಲಿ?"

ನಾನು ವಾಪಸಾತಿಯ ಕಾಗದಕ್ಕೆ ಸಹಿ ಹಾಕಿದೆ.

ಚಿಪ್ಪು ತರಲು ನಾನೇ ಮತ್ತೆ ಹೋಗಬೇಕಾಯಿತು. ಮಹಾದೇವಿ ನನ್ನ ಕಾಲು ಹಿಡಿದಳು. ಎತ್ತಿ ನಿಲ್ಲಿಸಿದೆ. ನೀಲವ್ವ ಮಾತ್ರ ಕಾಲು ಹಿಡಿಯಲಿಲ್ಲ, ಶಾಪ ಹಾಕಲಿಲ್ಲ. ಚಿಪ್ಪನ್ನು ತೊಳೆದು ಒರೆಸಿ ಇಟ್ಟಿದ್ದಳು.

"ಮೂರು ತಿಂಗಳು ನಾ ಹಿಡೀತೀನ್ರಿ. ಅದು ಎಲ್ಲೆಲ್ಲಿ ಒತ್ತತಿತ್ತು ಅನ್ನೂದು ನನ್ನ ಮೈಗೆ ಗೊತ್ತೈತಿ. ಒಂದು ಅಂಗೈ ಬಗಲ ಕೆಳಗ, ಒಂದು ನಡದ ಮ್ಯಾಲ. ರಾತ್ರಿಯೆಲ್ಲಾ ಹಿಡೀತೀನಿ."

ಅಂಗೈಯಿಂದ ಮೂಳೆ ನಿಲ್ಲುವುದಿಲ್ಲ. ಎಷ್ಟು ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು ಎಂಬ ಲೆಕ್ಕವೆಲ್ಲ ನನಗೆ ಬಾಯಿಪಾಠ. ಮನುಷ್ಯರ ಕೈ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. "ಹಿಡೀರಿ ನೀಲವ್ವಾ, ಬಿಡಬ್ಯಾಡ್ರಿ" ಎಂದು ಬಂತು.

ಪರದೆಯ ಮೇಲೆ ದಾನಿಯ ಜಾಗ ಖಾಲಿಯಾಯಿತು. ಅವಳ ಚಿಪ್ಪು ಬೇರೆ ಊರಿನ ಬೇರೆ ಹುಡುಗಿಗೆ ಹೋಯಿತು. ಆ ಮಗುವಿನ ಗೆರೆ ಚೆನ್ನಾಗಿಯೇ ಉಸಿರಾಡುತ್ತಿತ್ತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ನಡುವೆ ಒಂದು ರವಿವಾರ ಪೇಟೆಯಲ್ಲಿ ಸಿಗುವ ಸೊಂಟದ ಪಟ್ಟಿಯೊಂದನ್ನು ನೀಲವ್ವನಿಗೆಂದು ಒಯ್ದೆ. ಅವಳ ಬೆನ್ನಿನ ಉಬ್ಬಿಗೆ ಅದು ಕೂಡಲಿಲ್ಲ, ಎಲುಬಿಗೆ ತಾಗಿ ಇನ್ನಷ್ಟು ನೋಯಿಸಿತು. ಬೆಳೆಯುವ ಮಕ್ಕಳಿಗಷ್ಟೇ ಚಿಪ್ಪು. ಬೆಳವಣಿಗೆ ನಿಂತ ಮೂಳೆಗೆ ಯಾವ ಯೋಜನೆಯಲ್ಲೂ ಜಾಗವಿಲ್ಲ. "ಬಿಡ್ರಿ, ಕತ್ತಿಗೆ ಯಾಕ ಬೇಕು ಕಸ್ತೂರಿ" ಎಂದು ನಕ್ಕಳು. ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ಕೂತಲ್ಲೇ ತೂಕಡಿಸುತ್ತಿದ್ದಳು. ಹುಡುಗಿ ಮಗ್ಗಲು ಬದಲಿಸಿದಾಗಲೆಲ್ಲ ಇವಳ ಕೈಯೂ ಎದ್ದು ಹುಡುಕುತ್ತದೆ ಎಂದು ಮಹಾದೇವಿ ಹೇಳಿದಳು.

ಆಷಾಢದಲ್ಲಿ ಅವಧಿ ಮುಗಿಯಿತು. ಹೊಸ ಚಿಪ್ಪೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅಳತೆ ನಲವತ್ತೈದರೊಳಗೆ ಬಂದರೆ ಅದು ದಾನಿಯದು, ಇಲ್ಲವಾದರೆ ಚೀಲ ಹಾಗೆಯೇ ಹಿಂದಕ್ಕೆ. ಹುಡುಗಿ ಮೂರು ತಿಂಗಳಲ್ಲಿ ಹೆಬ್ಬೆರಳಗಲ ಬೆಳೆದಿದ್ದಳು. ಮಕ್ಕಳು ಬೆಳೆದಿದ್ದು ನೋಡಿ ನನಗೆ ಭಯವಾಗುವುದು ಈ ನೌಕರಿಗೆ ಸೇರಿದ ಮೇಲೆ.

ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಯಂತ್ರ ಕುತ್ತಿಗೆಯಿಂದ ಇಳಿಯುತ್ತ ಬಂತು. ಮಹಾದೇವಿ ದೇವರ ಗೂಡಿನ ಕಡೆ ತಿರುಗಿ ನಿಂತಳು. ನೀಲವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ನಲವತ್ತನಾಲ್ಕು.

"ಬಂತು," ಎಂದೆ. "ನಾಕು. ನಲವತ್ತನಾಕು. ಒಳಗೈತಿ."

ಅದು ಅಂಗೈಯಿಂದ ಆದದ್ದೋ, ಹಣೆಬರಹದಿಂದ ಆದದ್ದೋ ನನಗೆ ಗೊತ್ತಿಲ್ಲ; ನನ್ನ ಶಾಸ್ತ್ರ ಅಂಗೈಯಿಂದಲ್ಲ ಎನ್ನುತ್ತದೆ. ಹಿಗ್ಗುವಂಥದ್ದೂ ಅಲ್ಲ. ಕಳೆದುಹೋದ ಹನ್ನೊಂದು ಡಿಗ್ರಿ ಇನ್ನು ತಿರುಗಿ ಬರುವುದಿಲ್ಲ. ಇನ್ನೊಂದು ಡಿಗ್ರಿ ವಾಲಿದರೆ ಅಂಚು, ಬೆಳವಣಿಗೆ ಮುಗಿಯಲು ಇನ್ನೂ ಎರಡು ವರ್ಷ. ಇನ್ನು ಮೇಲೆ ಒಂದು ತಾಸನ್ನೂ ಯಾರಿಗೂ ಕೊಡುವಂತಿಲ್ಲ. ಅದನ್ನೇ ಹೇಳಿದೆ.

ಚಿಪ್ಪನ್ನು ನೀಲವ್ವನೇ ತೊಡಿಸಿದಳು. ಹಳೆಯ ಮೆತ್ತನೆಯ ಸೀರೆಯಿಂದ ಒಳಂಗಿ ಹೊಲಿದಿದ್ದಳು, ಹೊಲಿಗೆಯ ಅಂಚು ಮೈಗೆ ತಾಗದಂತೆ ಹೊರಗೆ ಬಿಟ್ಟು. ಬೆಲ್ಟು ಬಿಗಿದಳು, ದಿಂಬುಗಳು ಉಸ್ಸೆಂದು ಗಾಳಿ ತುಂಬಿಕೊಂಡವು. ದಾನಿ ಒಮ್ಮೆ ಉಸಿರು ಕಟ್ಟಿ, ಬಿಟ್ಟಳು. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಾಗಲು ಹೋದಳು, ಚಿಪ್ಪು ಬಾಗಗೊಡಲಿಲ್ಲ. ಅದಕ್ಕೇ ನನಗೂ ಕೇಳಿಸಿತು.

"ಅತ್ತೀ, ಮುಂಜಾನಿ ಒಂದ ತಾಸು, ಯಾರಿಗೂ ಗೊತ್ತಾಗದಂಗ, ನೀ..."

ನೀಲವ್ವನ ಕೈ ಪಟೀರೆಂದು ಅವಳ ಕೆನ್ನೆಗೆ ಬಿತ್ತು.

ಆ ಹುಡುಗಿಯ ಮೇಲೆ ಆಕೆ ಒಂದು ದಿನವೂ ಕೈ ಎತ್ತಿದವಳಲ್ಲ ಎಂದು ಮಹಾದೇವಿಯ ಮುಖವೇ ಹೇಳುತ್ತಿತ್ತು. ದಾನಿಯ ಕೆನ್ನೆಯ ಮೇಲೆ ಐದು ಬೆರಳು ಜೋಳದ ಹಿಟ್ಟಿನಲ್ಲಿ ಬೆಳ್ಳಗೆ ಮೂಡಿದ್ದವು. ನೀಲವ್ವ ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಹೋಗಿ ಕೂತಳು. ಹಿಟ್ಟು ನಾದಿದಳು, ಬಡಿಯತೊಡಗಿದಳು. ತಪ ತಪ ತಪ, "ಯಪ್ಪಾ." ತಪ ತಪ ತಪ, "ಯವ್ವಾ." ಕೂಸಿಗೆ ಕೇಳಿಸಬಾರದೆಂದು ಬಾಯಿ ಬಿಗಿಹಿಡಿದರೂ ಒಂದೊಂದು ನರಳಾಟ ತಪ್ಪಿಸಿಕೊಂಡು ಹೊರಗೆ ಬರುತ್ತಿತ್ತು. ದಾನಿ ನಿಂತಲ್ಲೇ ನೆಟ್ಟಗೆ ನಿಂತಿದ್ದಳು, ಕೆನ್ನೆಯ ಹಿಟ್ಟು ಒರೆಸಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಕಂಟ್ರೋಲ್ ರೂಮಿನಲ್ಲಿ ಅವಳ ಜಾಗ ಮತ್ತೆ ಹಸಿರಾಯಿತು. ಒಂದೇ ಬೆನ್ನು, ಒಂದೇ ಉಸಿರು. ಇನಾಮದಾರರು ನೋಡಿ ತಲೆಯಾಡಿಸಿ ಹೋದರು. ರೊಟ್ಟಿ ಬಡಿಯುವ ಹೊತ್ತಾಗುತ್ತಲೇ ಆ ಗೆರೆ ನಡುಗತೊಡಗಿತು. ಈ ಸಲ ಕೈಯ ತಾಳವಿರಲಿಲ್ಲ. ಎದೆ ಏರುತ್ತಿತ್ತು, ತಡೆಯುತ್ತಿತ್ತು, ಬಿಕ್ಕಿ ಬಿಕ್ಕಿ ಇಳಿಯುತ್ತಿತ್ತು.

'ಗುರುತಿಸಲಾಗದ ಕಂಪನ' ಎಂದಿತು ಯಂತ್ರ. ಇದೇನೆಂದು ತಿಳಿದಿದ್ದರೆ ಹೆಸರು ಕೊಡಿ ಎಂದು ಕೆಳಗೆ ಒಂದು ಖಾಲಿ ಚೌಕ ತೆರೆದು ಕೇಳಿತು.

ನನಗೆ ತಿಳಿದಿತ್ತು. ಹೆಸರು ಬರೆಯಲಿಲ್ಲ. ಕದಲದೆ ಕೂತು, ಅತ್ತ ಒಲೆ ಆರಿ ಇತ್ತ ಗೆರೆ ಸಮವಾಗುವ ತನಕ ಹುಡುಗಿಯ ಜೊತೆಗಿದ್ದೆ.